ನಾಟಿ ದನಗಳ ರಕ್ತಬಲ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಒಂದು ಹೆಣ್ಣುಗರುವು ಹುಟ್ಟಿತು. ತಾಯಿಯು ಮಲೆನಾಡು ಗಿಡ್ಡತಳಿಯ ಹಸು. ಹುಟ್ಟಿದ ಸ್ವಲ್ಪ ಹೊತ್ತಿಗೆಲ್ಲ ಎದ್ದು ಕೆಚ್ಚಲನ್ನು ಹುಡುಕಬೇಕಾದ ಕರುವು ಸಂಜೆಯಾದರೂ ಮಲಗಿದಲ್ಲಿಯೇ ಮಲಗಿತ್ತು. ನಮ್ಮ ಗೃಹಿಣಿಯು ಗಿಣ್ಣುಹಾಲನ್ನು ಕರೆದು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹನಿಹನಿಯಾಗಿ ಕುಡಿಸಿದಳು. ಮರುದಿನ ಬಂದ ಪಶುವೈದ್ಯರು ಕರುವಿನ ತುಟಿಯನ್ನು ಮೇಲೆತ್ತಿ ನೋಡಿದರು. ವಸಡು ಬಿಳಿಚಿಕೊಂಡಿತ್ತು. ಅವರು ಔಷಧವನ್ನು ಕೊಟ್ಟು, ಕೈತೊಳೆದುಕೊಳ್ಳುತ್ತ, "ಮೇಷ್ಟ್ರೇ, ಈ ಕರುವಿನ ತಂದೆ ಯಾವ ಹೋರಿ?" ಎಂದು ಕೇಳಿದರು.

ನಮಗೆ ಉತ್ತರವು ತೋಚಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗೃಹಿಣಿಯೇ ಹೇಳಿದಳು: "ಊರಿನಲ್ಲಿ ಉಳಿದಿರುವುದು ಒಂದೇ ಗಿಡ್ಡ ಹೋರಿಯಲ್ಲವೇ? ಇದರ ತಾಯಿಯೂ ಅದಕ್ಕೇ ಹುಟ್ಟಿದ್ದು." ಎಂದರೆ ಆ ಕರುವಿಗೆ ತಂದೆಯೂ ತಾಯಿಯ ತಂದೆಯೂ ಒಂದೇ ಪ್ರಾಣಿ! "ಈ ಒಂದು ಕರುವಿನಿಂದ ಕಾರಣವನ್ನು ನಿರ್ಣಯಿಸಲಾಗದು. ಬೇರೆ ಕಾರಣವೂ ಇರಬಹುದು. ಆದರೆ ಈ ಪ್ರಶ್ನೆಯನ್ನು ಕೇಳದೆ ಇರಬಾರದು" ಎಂದು ವೈದ್ಯರು ಹೇಳಿದರು. ನಾಲ್ಕನೆಯ ದಿನ ಕರುವು ಸತ್ತಿತು.

ಬಾಲಕರಿಗೆ ವರ್ಷಗಟ್ಟಲೆ ಸಂಸ್ಕೃತವನ್ನು ಪಾಠ ಹೇಳಿದವರು ನಾವು. ಸಗೋತ್ರವೆಂದರೇನು, ಸಪಿಂಡವೆಂದರೇನು ಎಂದು ಎಷ್ಟೋ ಸಲ ವಿವರಿಸಿದ್ದೆವು. ತಂದೆಯ ಕಡೆಯಿಂದ ಏಳು ತಲೆ, ತಾಯಿಯ ಕಡೆಯಿಂದ ಐದು ತಲೆ ಬಿಟ್ಟು ಸಂಬಂಧವನ್ನು ನೋಡಬೇಕೆಂದು ಧರ್ಮಶಾಸ್ತ್ರಕಾರರು ವಿಧಿಸಿರುವರು. ಸೋದರಮಾವನ ಮಗಳನ್ನು ತರುವ ದಕ್ಷಿಣದೇಶದ ರೂಢಿಯನ್ನು ಬೌಧಾಯನನೂ ಹೇಳಿರುವನು. ಆ ಚರ್ಚೆಯು ಇಲ್ಲಿ ಬೇಡ. ನಾವು ನಾಚಿದುದು ಮತ್ತೊಂದು ಕಾರಣಕ್ಕೆ. ಮಕ್ಕಳ ಮದುವೆಯಲ್ಲಿ ಏಳು ತಲೆಯನ್ನು ವಿಚಾರಿಸುವ ನಾವು, ನಮಗೆ ಹಾಲೂಡುವ ಹಸುವಿನ ವಿಷಯದಲ್ಲಿ ಒಂದು ತಲೆಯನ್ನಾದರೂ ವಿಚಾರಿಸಿರಲಿಲ್ಲ. ಆ ದಿನದಿಂದ ತಿಳಿದವರನ್ನು ಕೇಳಿಯೂ ಗ್ರಂಥಗಳನ್ನು ಓದಿಯೂ ಸಂಗ್ರಹಿಸಿದ ವಿಷಯವನ್ನು ವಾಚಕರ ಮುಂದಿಡುತ್ತಿರುವೆವು.

ಮೊದಲು 'ರಕ್ತ'ವೆಂಬ ಮಾತನ್ನು ವಿಚಾರಿಸೋಣ. 'ಒಳ್ಳೆಯ ರಕ್ತದ ಹೋರಿ' ಎಂದು ನಮ್ಮ ರೈತರು ಹೇಳುವುದುಂಟು. ವಾಸ್ತವವಾಗಿ ಗುಣದೋಷಗಳನ್ನು ತಂದೆತಾಯಿಗಳಿಂದ ಮಕ್ಕಳಿಗೆ ಸಾಗಿಸುವುದು ರಕ್ತವಲ್ಲ. ದೇಹದ ಜೀವಕೋಶಗಳ ಒಳಗಿರುವ ವಂಶವಾಹಿಗಳು. ಆದರೂ ಆ ರೂಢಿಯ ಮಾತು ಕೇವಲ ನಿರರ್ಥಕವಲ್ಲ. ಪಶುವಿನ ವಂಶವನ್ನು ಪರೀಕ್ಷಿಸುವವರು ಇಂದಿಗೂ ಬಹುಮಟ್ಟಿಗೆ ಅದರ ರಕ್ತವನ್ನೇ ತೆಗೆದುಕೊಳ್ಳುತ್ತಾರೆ. ಅದರಲ್ಲಿಯೂ ಕೆಂಪು ಕಣಗಳು ಇದಕ್ಕೆ ಉಪಯೋಗವಿಲ್ಲ. ದನದ ಕೆಂಪು ಕಣಕ್ಕೆ ನಮ್ಮ ಕೆಂಪು ಕಣದಂತೆಯೇ ಬೀಜಕೇಂದ್ರವಿಲ್ಲ. ಬಿಳಿಯ ಕಣಗಳಲ್ಲಿಯೇ ವಂಶದ ಬರಹವಿರುವುದು. ಮನುಷ್ಯರಲ್ಲಿ ರಕ್ತದ ಗುಂಪುಗಳಿರುವಂತೆ ದನಗಳಲ್ಲಿಯೂ ಇವೆ. ಅವುಗಳ ವರ್ಗಗಳು ಹತ್ತಕ್ಕೂ ಹೆಚ್ಚು. 'ಬಿ' ಎಂಬ ಒಂದು ವರ್ಗದಲ್ಲಿಯೇ ನೂರಾರು ಭೇದಗಳು. ನೋಡುವುದಕ್ಕೆ ಒಂದೇ ಬಣ್ಣದ ಹಿಂಡಿನಲ್ಲಿಯೂ ರಕ್ತದ ಒಳಗೆ ಇಷ್ಟು ವೈವಿಧ್ಯವು ಅಡಗಿರಬಲ್ಲದು.

ಈ ವೈವಿಧ್ಯದಿಂದ ಪ್ರಯೋಜನವೇನೆಂದು ಕೇಳಬಹುದು. ಪ್ರತಿಯೊಂದು ವಂಶವಾಹಿಯೂ ಜೋಡಿಯಾಗಿರುವುದು: ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಕೆಟ್ಟದ್ದಾಗಿದ್ದರೂ ಮತ್ತೊಂದು ಒಳ್ಳೆಯದಾಗಿದ್ದರೆ ಎಷ್ಟೋ ದೋಷಗಳು ಹೊರಗೆ ಕಾಣುವುದೇ ಇಲ್ಲ. ಎರಡೂ ಕೆಟ್ಟವಾದಾಗ ಮಾತ್ರ ವ್ಯಾಧಿಯು ಪ್ರಕಟವಾಗುವುದು. ಇಂಥ ಒಂದು ಗುಪ್ತದೋಷವನ್ನು ಹೊತ್ತ ಹೋರಿಯೊಂದು ಉಂಟೆಂದು ಭಾವಿಸಿ. ಅದರ ಹೆಣ್ಣುಗರುಗಳಲ್ಲಿ ಅರ್ಧಕ್ಕೆ ಆ ದೋಷವು ಹೋಗುವುದು. ಅದೇ ಹೋರಿಯನ್ನು ಆ ಮಗಳಿಗೇ ಬಿಟ್ಟರೆ, ಹುಟ್ಟುವ ಎಂಟು ಕರುಗಳಲ್ಲಿ ಒಂದಕ್ಕೆ ದೋಷವು ಎರಡು ಕಡೆಯಿಂದಲೂ ಬಂದು ಸೇರುವ ಸಂಭವವಿದೆ. ಬೇರೆ ವಂಶದ ಹೋರಿಯನ್ನು ಬಿಟ್ಟಿದ್ದರೆ ಆ ಸಂಭವವು ಗಣನೆಗೆ ಬಾರದಷ್ಟು ಅಲ್ಪವಾಗುತ್ತಿದ್ದಿತು.

ಮತ್ತೊಂದು ಲೆಕ್ಕವು ಇದಕ್ಕಿಂತಲೂ ವಿಸ್ಮಯಕರವಾದುದು. ನೂರು ಹಸುಗಳ ಹಿಂಡಿಗೆ ಒಂದೇ ಹೋರಿಯಿದ್ದರೆ, ವಂಶದ ವೈವಿಧ್ಯದ ದೃಷ್ಟಿಯಿಂದ ಆ ಹಿಂಡು ನೂರೊಂದು ಪ್ರಾಣಿಗಳ ಹಿಂಡಲ್ಲ. ಕೇವಲ ನಾಲ್ಕು ಪ್ರಾಣಿಗಳ ಹಿಂಡಿಗೆ ಸಮಾನ! ಅಮೆರಿಕದ ಸೀವಾಲ್ ರೈಟ್ ಎಂಬ ವಿದ್ವಾಂಸನು 1931ರಲ್ಲಿ ಪ್ರಕಟಿಸಿದ ಸೂತ್ರದಿಂದ ಈ ಫಲವು ದೊರೆಯುತ್ತದೆ. ಹುಟ್ಟುವ ಪ್ರತಿಯೊಂದು ಕರುವಿನ ಅರ್ಧಭಾಗವು ಆ ಒಂದೇ ಹೋರಿಯದಾಗುವುದೇ ಇದಕ್ಕೆ ಕಾರಣ. ಹೋರಿಗಳನ್ನು ನಾಲ್ಕಕ್ಕೆ ಏರಿಸಿದರೆ ಹಿಂಡಿನ ಬೆಲೆಯು ಹದಿನೈದಕ್ಕೆ ಏರುವುದು. ಆದುದರಿಂದ ತಳಿಯ ಕ್ಷೇಮವನ್ನು ಅಳೆಯುವಾಗ ಹಸುಗಳನ್ನು ಎಣಿಸಿದರೆ ಸಾಲದು, ಹೋರಿಗಳನ್ನು ಎಣಿಸಬೇಕು.

ಇದು ಬಡ ಹಳ್ಳಿಯ ಕಷ್ಟವೇ ಹೊರತು ಐಶ್ವರ್ಯವಂತ ದೇಶಗಳಲ್ಲಿ ಹೀಗಾಗದೆಂದು ತಿಳಿಯಬಾರದು. ಕಪ್ಪುಬಿಳುಪು ಬಣ್ಣದ ಹೋಲ್‌ಸ್ಟೀನ್ ತಳಿಯು ಹಾಲಿಗೆ ಲೋಕಪ್ರಸಿದ್ಧವಾದುದು. ಅಮೆರಿಕದಲ್ಲಿ ಅಂಥ ಹಸುಗಳು ಲಕ್ಷಾಂತರ. ಆದರೆ ಕೃತಕ ಗರ್ಭಧಾರಣೆಯಿಂದ ಕೆಲವೇ ಹೋರಿಗಳ ವೀರ್ಯವು ದೇಶದೇಶಗಳಿಗೆ ಹರಡಿದ ಕಾರಣ, ವಂಶದ ಲೆಕ್ಕದಲ್ಲಿ ಅವು ನೂರಕ್ಕಿಂತ ಕಡಿಮೆ ಪ್ರಾಣಿಗಳಿಗೆ ಸಮವೆಂದು ತಜ್ಞರು ಗಣಿಸಿರುವರು. 1952ರಲ್ಲಿ ಹುಟ್ಟಿದ ಓಸ್ಬರ್ನ್‌ಡೇಲ್ ಐವನ್‌ಹೋ ಎಂಬ ಹೋರಿಯು ಹಾಲಿನ ಗುಣದೊಡನೆ ಒಂದು ರಕ್ತದೋಷವನ್ನೂ ಹೊತ್ತಿತ್ತು. ರಕ್ತದ ಬಿಳಿಯ ಕಣಗಳು ನಾಳದ ಗೋಡೆಗೆ ಅಂಟಿ ಹೊರಕ್ಕೆ ನುಸುಳಿ ರೋಗಾಣುಗಳೊಡನೆ ಹೋರಾಡಬೇಕು. ಈ ದೋಷವು ಎರಡು ಕಡೆಯಿಂದಲೂ ಬಂದ ಕರುವಿನಲ್ಲಿ ಅವು ಅಂಟಲಾರವು. ರಕ್ತದ ತುಂಬ ಸೈನಿಕರಿದ್ದರೂ ಕೋಟೆಯ ಬಾಗಿಲನ್ನು ದಾಟಿ ಹೊರಗೆ ಬಾರದಂತಾಗಿ, ಸಣ್ಣ ಗಾಯಗಳೂ ಮಾಯದೆ, ಕರುವು ಎಳೆಯದರಲ್ಲಿಯೇ ಸಾಯುವುದು. ಐವನ್‌ಹೋವಿನ ವಂಶದ ಬೆಲ್ ಎಂಬ ಹೋರಿಯ ಮೂಲಕ ಈ ದೋಷವು ಮತ್ತಷ್ಟು ಹಬ್ಬಿತು. 1992ರಲ್ಲಿ ಇದರ ಮೂಲವನ್ನು ಕಂಡುಹಿಡಿದಾಗ, ಅಮೆರಿಕದಲ್ಲಿ ಪರೀಕ್ಷಿಸಿದ ಹೋಲ್‌ಸ್ಟೀನ್ ಹೋರಿಗಳಲ್ಲಿ ನೂರಕ್ಕೆ ಸುಮಾರು 14 ಈ ದೋಷದ ವಾಹಕಗಳಾಗಿದ್ದುವು. 'ಬ್ಲಾಡ್' ಎಂಬುದು ಈ ವ್ಯಾಧಿಯ ಸಂಕ್ಷಿಪ್ತನಾಮ. ಈಗ ನಮ್ಮ ದೇಶದ ವೀರ್ಯಸಂಗ್ರಹಣ ಕೇಂದ್ರಗಳಲ್ಲಿಯೂ ಹೋರಿಗಳನ್ನು ಇದಕ್ಕಾಗಿಯೂ, ರಕ್ತವು ಹೆಪ್ಪುಗಟ್ಟದ ಮತ್ತೊಂದು ವಂಶದೋಷಕ್ಕಾಗಿಯೂ ಪರೀಕ್ಷಿಸುವ ನಿಯಮವಿದೆ.

ಇದಕ್ಕೆ ಪ್ರತಿಯಾಗಿ ಒಂದು ನಿದರ್ಶನವನ್ನು ಹೇಳುವವರುಂಟು. ಇಂಗ್ಲೆಂಡಿನ ಚಿಲ್ಲಿಂಗ್‌ಹ್ಯಾಮ್ ಎಂಬಲ್ಲಿ ಬಿಳಿಯ ಕಾಡುದನಗಳ ಹಿಂಡೊಂದು ಸುಮಾರು ಮೂರು ಶತಮಾನಗಳಿಂದ ಹೊರಗಿನ ಸಂಪರ್ಕವಿಲ್ಲದೆ ಬೆಳೆದಿದೆ. 1947ರ ಘೋರ ಚಳಿಯಲ್ಲಿ ಅವು 13ಕ್ಕೆ ಇಳಿದುವು. ಈಗ ಮತ್ತೆ ನೂರನ್ನು ಮೀರಿವೆ. ಅವುಗಳ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ ತೆರನಾಗಿವೆಯೆಂದು 2001ರಲ್ಲಿ ಪ್ರಕಟವಾಯಿತು. 'ಅವು ಬದುಕಿಲ್ಲವೇ?' ಎಂಬುದು ಪ್ರಶ್ನೆ. ನಿಜ. ಆದರೆ ಬದುಕಿದ ಒಂದು ಹಿಂಡನ್ನು ನಾವು ಕಾಣುತ್ತೇವೆ. ಹಾಗೆಯೇ ಸಂಕೋಚಗೊಂಡು ಅಳಿದ ಹಿಂಡುಗಳನ್ನು ಹೇಗೆ ಕಾಣೋಣ? ಅಲ್ಲದೆ, ಎಲ್ಲವೂ ಒಂದೇ ತೆರನಾದ ಹಿಂಡಿನಲ್ಲಿ ಒಂದನ್ನು ಕೊಲ್ಲುವ ರೋಗವು ಎಲ್ಲವನ್ನೂ ಕೊಲ್ಲಬಹುದು. ಆ ಭಯದಿಂದಲೇ ಅಲ್ಲಿಯವರು ಸ್ಕಾಟ್ಲೆಂಡಿನಲ್ಲಿ ಮತ್ತೊಂದು ಸಣ್ಣ ಹಿಂಡನ್ನು ಬೇರೆಯಾಗಿ ಇಟ್ಟಿರುವರು.

ಇನ್ನು ನಮ್ಮ ನಾಡಿನ ತಳಿಗಳಿಗೆ ಬರೋಣ. ಹಾಲು ಕಡಿಮೆಯಾದರೂ ಇವನ್ನು ಏಕೆ ಉಳಿಸಬೇಕು? ಇದಕ್ಕೂ ರಕ್ತದಲ್ಲಿಯೇ ಒಂದು ಉತ್ತರವಿದೆ. ದನದ ಮೈಗೆ ಅಂಟುವ ಉಣ್ಣೆಹುಳುವಿನ ಮೂಲಕ ಸೂಕ್ಷ್ಮಜೀವಿಗಳು ರಕ್ತವನ್ನು ಸೇರಿ ಕೆಂಪು ಕಣಗಳನ್ನು ಒಡೆಯುತ್ತವೆ; ಜ್ವರವೇರಿ ಮೂತ್ರವು ಕೆಂಪಾಗುವುದು. ಈ ಜ್ವರವನ್ನು ಉಣ್ಣೆಯೇ ಹರಡುವುದೆಂದು 1893ರಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು ಅಮೆರಿಕದಲ್ಲಿ ಸಿದ್ಧಪಡಿಸಿದರು. ಥೈಲೇರಿಯಾ ಎಂಬ ಮತ್ತೊಂದು ಜೀವಿಯು ನಮ್ಮಲ್ಲಿ ಮಿಶ್ರತಳಿಯ ದನಗಳನ್ನು ಹೆಚ್ಚಾಗಿ ಪೀಡಿಸುತ್ತಿದೆ. ಡುಬ್ಬವುಳ್ಳ ನಮ್ಮ ನಾಟಿ ದನಗಳ ಮೈಗೆ ಉಣ್ಣೆಯು ಅಂಟುವುದೂ ಕಡಿಮೆ, ಈ ರೋಗಗಳು ಬಂದರೂ ಅವು ತಡೆದುಕೊಳ್ಳುವುದು ಹೆಚ್ಚು. ರೋಗವೇ ಬಾರದೆಂದು ನಾವು ಹೇಳುವುದಿಲ್ಲ. ಹಾಗೆ ನಂಬಿ ಚಿಕಿತ್ಸೆಯನ್ನು ಬಿಡುವುದು ಅವಿವೇಕ. ಆದರೆ ತಲೆಮಾರುಗಳಿಂದ ಇಲ್ಲಿಯ ಉಣ್ಣೆ, ಮಳೆ, ಬಿಸಿಲುಗಳೊಡನೆ ಹೋರಾಡಿ ಗಳಿಸಿದ ಶಕ್ತಿಯು ಒಮ್ಮೆ ಕಳೆದುಹೋದರೆ ಹಣ ಕೊಟ್ಟು ತರಲಾಗದು.

ಈ ಶಕ್ತಿಯ ಬೆಲೆಯನ್ನು ಪರದೇಶದವರು ಚೆನ್ನಾಗಿ ಅರಿತರು. ಅಮೆರಿಕದಲ್ಲಿ ಬ್ರಾಹ್ಮನ್ ಎಂಬ ತಳಿಯನ್ನು ಕಟ್ಟುವಾಗ ಗೀರ್, ಒಂಗೋಲು ಮುಂತಾದವುಗಳೊಡನೆ ನಮ್ಮ ಕೃಷ್ಣಾತೀರದ ದನಗಳನ್ನೂ ಬಳಸಿದರು. ಇಂದು ಆ ಕೃಷ್ಣಾತೀರದ ತಳಿಯು ತವರಿನಲ್ಲಿಯೇ ವಿರಳವಾಗಿದೆ.

ಅಮೃತಮಹಲಿನ ಕಥೆಯೂ ಬೋಧಪ್ರದವಾದುದು. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಬೆಣ್ಣೆಚಾವಡಿಯೆಂದು ಹೆಸರಾಗಿದ್ದ ಈ ದನಗಳ ಇಲಾಖೆಗೆ ಟಿಪ್ಪು ಸುಲ್ತಾನನು ಅಮೃತಮಹಲೆಂಬ ಹೆಸರನ್ನಿಟ್ಟನು. ಕಾವಲುಗಳೆಂಬ ವಿಶಾಲವಾದ ಹುಲ್ಲುಗಾವಲುಗಳಲ್ಲಿ ಹಿಂಡುಗಳು ಋತುವಿಗೆ ತಕ್ಕಂತೆ ಸಂಚರಿಸುತ್ತಿದ್ದುವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅವು ಆಂಗ್ಲರ ವಶವಾದುವು. 1860ರಲ್ಲಿ ಮದರಾಸಿನ ಸರಕಾರವು ಖರ್ಚನ್ನು ಉಳಿಸುವ ನೆಪದಿಂದ ಹಿಂಡನ್ನು ಮಾರಿಬಿಟ್ಟಿತು. ಬಂಡಿ ಎಳೆಯುವ ಒಳ್ಳೆಯ ಎತ್ತುಗಳು ಸಿಕ್ಕದಾದಾಗ ತಪ್ಪು ತಿಳಿದು, 1866ರಲ್ಲಿ ದೊರೆತಷ್ಟನ್ನು ಮತ್ತೆ ಕೂಡಿಹಾಕಬೇಕಾಯಿತು. ಚದುರಿದ ಹಿಂಡನ್ನು ಪುನಃ ಕಟ್ಟಬಹುದು. ಕಸಾಯಿಯ ಪಾಲಾದ ವಂಶವಾಹಿಯನ್ನು ಪುನಃ ಕಟ್ಟಲಾಗದು. ಆ ಮೇಲೆ ಕಾವಲುಗಳ ಬಹುಭಾಗವೂ ಬೇರೆ ಬೇರೆ ಕಾರ್ಯಗಳಿಗೆ ಹೋಯಿತು. ಅಜ್ಜಂಪುರದ ಕೇಂದ್ರವು ಇಂದಿಗೂ ಈ ತಳಿಯನ್ನು ಕಾಪಾಡುತ್ತಿರುವುದು ಸಂತೋಷದ ಸಂಗತಿ. ಆದರೆ ಸರಕಾರದ ಒಂದು ಕೇಂದ್ರದಿಂದ ಒಂದು ತಳಿಯು ಉಳಿಯದು. ರೈತರ ಕೊಟ್ಟಿಗೆಗಳಲ್ಲಿ ಅದು ಹರಡಿರಬೇಕು.

ಹಾಗಾದರೆ ಗೃಹಸ್ಥರು ಮಾಡತಕ್ಕುದೇನು? ತಳಿಯ ಶುದ್ಧಿಯೆಂದರೆ ಒಂದೇ ಹೋರಿಯ ಸಂತತಿಯಲ್ಲ. ಕುಲವು ಒಂದೇ ಇರಲಿ, ಗೋತ್ರವು ಬೇರೆಯಾಗಿರಲಿ. ಗಿಡ್ಡ ಹಸುವಿಗೆ ಗಿಡ್ಡ ಹೋರಿಯೇ ಸರಿ, ಹಳ್ಳಿಕಾರಿಗೆ ಹಳ್ಳಿಕಾರೇ ಸರಿ. ಆದರೆ ಅದು ಬೇರೆ ತಾಯಿತಂದೆಯರದಾಗಿರಬೇಕು.

ಊರ ಹೋರಿಯ ಮೊದಲ ಹೆಣ್ಣುಗರುಗಳು ಬೆದೆಗೆ ಬರುವುದರೊಳಗೆ, ಎಂದರೆ ಸುಮಾರು ಮೂರು ವರ್ಷಕ್ಕೊಮ್ಮೆ, ಆ ಹೋರಿಯನ್ನು ದೂರದ ಊರಿನವರಿಗೆ ಕೊಟ್ಟು ಅವರದನ್ನು ತಂದುಕೊಳ್ಳಬೇಕು. ಇದಕ್ಕೆ ಖರ್ಚಿಲ್ಲ; ಎರಡು ಊರಿನವರ ಸ್ನೇಹವಿದ್ದರೆ ಸಾಕು. ದೇವರಿಗೆ ಬಿಟ್ಟ ಬಸವನಿದ್ದರೆ ಅದನ್ನು ಕಳುಹಿಸಲಾಗದು, ನಿಜ. ಅದರ ಮಕ್ಕಳನ್ನಾದರೂ ಬೇರೆ ಹೋರಿಗೆ ಕೊಡಿಸಬಹುದು. ಹುಟ್ಟಿದ ಗಂಡುಗರುಗಳನ್ನೆಲ್ಲ ಮಾರಿಬಿಡದೆ, ಬೇರೆ ಬೇರೆ ಹಸುಗಳ ಎರಡು ಮೂರು ಕರುಗಳನ್ನು ಊರಿನಲ್ಲಿ ಬೀಜಕ್ಕೆ ಉಳಿಸಬೇಕು. ಕೃತಕ ಗರ್ಭಧಾರಣೆಯನ್ನು ಮಾಡಿಸುವವರು ಸ್ವತಳಿಯ ವೀರ್ಯವನ್ನೇ ಕೇಳಬೇಕು. ವೀರ್ಯದ ಕಡ್ಡಿಯ ಮೇಲೆ ಹೋರಿಯ ಸಂಖ್ಯೆಯು ಅಚ್ಚಾಗಿರುವುದು. ಅದನ್ನು ಬರೆದಿಟ್ಟುಕೊಂಡರೆ, ತಾಯಿಗೆ ಕೊಟ್ಟ ಹೋರಿಯನ್ನು ಮಗಳಿಗೂ ಕೊಡುವ ಪ್ರಮಾದವು ತಪ್ಪುವುದು.

ಈ ಬರೆದಿಡುವ ಕೆಲಸವು ಮನೆಯ ಹೆಂಗಸರಿಗೇ ಚೆನ್ನಾಗಿ ಒಪ್ಪುವುದೆಂದು ನಮಗೆ ತೋರುತ್ತದೆ. ಯಾವ ಹಸು ಎಂದು ಬೆದೆಗೆ ಬಂದಿತು, ಎಂದು ಈಯುವುದು ಎಂಬುದು ಗಂಡಸರಿಗಿಂತ ಅವರಿಗೇ ನೆನಪಿರುವುದು. ಅಂದು ವೈದ್ಯರಿಗೆ ಉತ್ತರ ಹೇಳಿದವಳು ನಮ್ಮ ಗೃಹಿಣಿಯೇ ಅಲ್ಲವೇ?

ಆ ಹಸುವನ್ನು ಈ ಸಲ ಹೊಳೆಯಾಚೆಯ ಊರಿನ ಗಿಡ್ಡ ಹೋರಿಗೆ ಕೊಡಿಸಿದೆವು. ಈಗ ಅದಕ್ಕೆ ಐದು ತಿಂಗಳ ಗಬ್ಬ. ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಹಸುವಿನ ಹೆಸರು, ಹೋರಿಯ ಊರು, ದಿನಾಂಕ ಮೂರನ್ನೂ ಗೃಹಿಣಿಯು ಬರೆದಿಟ್ಟಿರುವಳು. ಹುಟ್ಟುವ ಕರುವು ಹೇಗಿರುವುದೆಂದು ಹೇಳುವುದಕ್ಕೆ ನಾವಾರು? ಆದರೆ ಅದರ ತಂದೆ ಯಾವುದೆಂದು ವೈದ್ಯರು ಕೇಳಿದರೆ, ಈ ಸಲ ನಾವೂ ಉತ್ತರ ಹೇಳಬಲ್ಲೆವು.