ಹತ್ತುಮೀನಿನ ಕಾಲ, ಔಷಧಿಯ ಕಾಲ

ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾಗಿ ಹರಿಯತೊಡಗಿದೊಡನೆ ಹೊಳೆಯ ಮೀನುಗಳು ನೀರಿಗೆ ಎದುರಾಗಿ ಮೇಲಕ್ಕೆ ಹತ್ತುತ್ತವೆ. ಮಲೆನಾಡಿನಲ್ಲಿ ನಾವು ಹತ್ತುಮೀನು ಎನ್ನುವುದು ಇದನ್ನೇ. ಮುರುಗೋಡಿನಂಥವು ಗದ್ದೆಯ ಬದುವಿನವರೆಗೂ, ಅಡಿಕೆ ತೋಟದ ಬಸಿಗಾಲುವೆಗೂ ಬಂದುಬಿಡುತ್ತವೆ. ಬರುವುದು ಮೊಟ್ಟೆಯಿಡಲು. ಆ ದಿನಗಳಲ್ಲಿ ಕೂಣಿಗೆ ಬಿದ್ದ ಮೀನನ್ನು ಕೊಯ್ದರೆ ಹೊಟ್ಟೆ ತುಂಬ ಮೊಟ್ಟೆಯೇ ಇರುವುದು ಎಲ್ಲರೂ ಕಂಡದ್ದು.

ಇಂಥ ಮೀನಿನ ರಕ್ಷಣೆಗೆ ಕಾನೂನು ಹೊಸದೇನಲ್ಲ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ 4ನೇ ಕಲಮು ತೋಟೆ ಸಿಡಿಸಿ ಮೀನು ಹಿಡಿಯುವುದನ್ನೂ 5ನೇ ಕಲಮು ನೀರಿಗೆ ವಿಷ ಹಾಕುವುದನ್ನೂ ಅಪರಾಧವೆಂದು ಸಾರಿದವು. ಎರಡಕ್ಕೂ 2 ತಿಂಗಳವರೆಗೆ ಸೆರೆವಾಸ ಅಥವಾ 200 ರೂಪಾಯಿವರೆಗೆ ಜುಲ್ಮಾನೆ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. 6ನೇ ಕಲಮಿನಂತೆ ಸರ್ಕಾರವು ನಿಯಮಗಳನ್ನು ಮಾಡಿ, ಹಳ್ಳಕ್ಕೆ ಅಡ್ಡಲಾಗಿ ನೆಟ್ಟ ಕೂಣಿ, ಕಟ್ಟೆಗಳನ್ನು ತಡೆಯಬಹುದಿತ್ತು. ಗೊತ್ತಾದ ನೀರಿನಲ್ಲಿ 2 ವರ್ಷದವರೆಗೆ ಮೀನು ಹಿಡಿಯುವುದನ್ನೇ ನಿಲ್ಲಿಸಬಹುದಿತ್ತು. ನಿಯಮ ಮೀರಿದರೆ 100 ರೂಪಾಯಿವರೆಗೆ, ಮತ್ತೂ ಮುಂದುವರಿಸಿದರೆ ದಿನಕ್ಕೆ 10 ರೂಪಾಯಿವರೆಗೆ ದಂಡ. ಖಾಸಗಿ ನೀರಿಗೆ ಈ ನಿಯಮ ಅನ್ವಯಿಸಲು ಒಡೆಯನ ಲಿಖಿತ ಒಪ್ಪಿಗೆ ಬೇಕಿತ್ತು. ಆದರೆ ನಮ್ಮ ತೋಟದ ನಡುವೆ ಹರಿಯುತ್ತದೆಂಬ ಮಾತ್ರಕ್ಕೆ ಹಳ್ಳ ನಮ್ಮದಾಗದು. ಕಂದಾಯದ ದಾಖಲೆಯಲ್ಲಿ ಅದು ಬಹುಮಟ್ಟಿಗೆ ಸರ್ಕಾರಿ ಖರಾಬು. ಆಮೇಲೆ ಕರ್ನಾಟಕವು 1996ರ ಒಳನಾಡು ಮೀನುಗಾರಿಕೆ ಅಧಿನಿಯಮವೆಂಬ ತನ್ನದೇ ಕಾನೂನನ್ನು ಮಾಡಿಕೊಂಡಿತು.

ಇಂಗ್ಲೆಂಡಿನ 1975ರ ಸಾಲ್ಮನ್ ಮತ್ತು ಸಿಹಿನೀರು ಮೀನುಗಾರಿಕೆ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಮೀನು ಹಿಡಿಯಲೇಬೇಕೆಂದಿಲ್ಲ. ಮೊಟ್ಟೆಯಿಡುವ ಮೀನನ್ನಾಗಲಿ, ಮೊಟ್ಟೆಯಿರುವ ತಳ, ದಂಡೆ, ತೆಳುನೀರಿನ ಜಾಗವನ್ನಾಗಲಿ ಬೇಕೆಂದೇ ಕದಡಿದರೂ ಅಪರಾಧ. ನಮ್ಮ ಕಡೆ ಬಿಳಿಮೀನು, ಅಂದರೆ ಮಹಶೀರ್, ಮೊಟ್ಟೆಯಿಡುವುದೂ ಜಲ್ಲಿಕಲ್ಲಿನ ತಳದಲ್ಲೇ. ಮರಳು, ಜಲ್ಲಿ ಎತ್ತುವವರಿಗೆ ಈ ಮಾತನ್ನು ಯಾರು ಹೇಳಬೇಕು?

ಬೆಳೆಗಾರರಾದ ನಮಗೆ ಮುಖ್ಯವಾದದ್ದು 1897ರ ಕಾಯ್ದೆಯ 5ನೇ ಕಲಮು. ಅದು ಹೆಸರಿಸಿದ್ದು ವಿಷ, ಸುಣ್ಣ, ಇತರ ಹಾನಿಕರ ವಸ್ತು. ಸುಣ್ಣ ಮತ್ತು ಮೈಲುತುತ್ತ ಸೇರಿದರೇ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ ಒಂದೊಂದು ಕಿಲೋ. ಕೊಳೆರೋಗಕ್ಕೆ ಮಳೆ ಹಿಡಿಯುವ ಮುನ್ನ ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ ಹೊಡೆಯುತ್ತೇವೆ. ಮೀನು ಹತ್ತುವುದೂ ಇದೇ ಅವಧಿಯಲ್ಲಿ. ಆ ಕಲಮಿನ ಪ್ರಕಾರ ಅಪರಾಧವಾಗಲು ಮೀನು ಹಿಡಿಯುವ ಅಥವಾ ಕೊಲ್ಲುವ ಉದ್ದೇಶ ಬೇಕಿತ್ತು. ಕೊನೆಗಾರರು ಸಂಜೆ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವಾಗ ಅಂಥ ಉದ್ದೇಶ ಇರುವುದಿಲ್ಲ, ನಿಜ. ಆದರೆ 1974ರ ಜಲಮಾಲಿನ್ಯ ಕಾಯ್ದೆಯ 24ನೇ ಕಲಮು ಮೀನಿನ ಮಾತನ್ನೇ ಎತ್ತುವುದಿಲ್ಲ. ಗೊತ್ತಿದ್ದೂ ವಿಷವಸ್ತುವನ್ನು ಹೊಳೆಹಳ್ಳಕ್ಕೆ ಬಿಡಕೂಡದು, ಬಿಡಗೊಡಲೂ ಕೂಡದು ಎನ್ನುತ್ತದೆ. ಆಳು ತೊಳೆದದ್ದು ಎಂದು ಯಜಮಾನರು ನುಣುಚಿಕೊಳ್ಳುವಂತಿಲ್ಲ.

ತಾಮ್ರ ಮೀನಿಗೆ ಬಹಳ ಕೆಟ್ಟದ್ದು. ತೀರ ಅಲ್ಪ ಪ್ರಮಾಣದಲ್ಲೇ ಅದು ಕಿವಿರನ್ನು ಕೆಡಿಸುತ್ತದೆ. ಮರಿಗಳು ಮೊದಲು ಸಾಯುತ್ತವೆ. ಅವು ಸತ್ತದ್ದು ಕಣ್ಣಿಗೂ ಬೀಳುವುದಿಲ್ಲ. ನೀರು ಮೆದುವಾಗಿದ್ದಷ್ಟೂ ಈ ಹಾನಿ ಹೆಚ್ಚು. ಮಳೆಗಾಲದಲ್ಲಿ ನಮ್ಮ ಹಳ್ಳದ ನೀರು ಮೆದುವೇ. ಡ್ರಮ್ಮು ತೊಳೆದ ನೀರನ್ನು ಮುಂದಿನ ದ್ರಾವಣ ಕಲಸುವುದಕ್ಕೆ ಬಳಸಿದರೆ ಔಷಧಿಯೂ ಉಳಿಯುತ್ತದೆ. ಕೊನೆಯ ಡ್ರಮ್ಮಿನ ನೀರನ್ನು ಹಳ್ಳದಿಂದ ದೂರ, ತೋಟದೊಳಗೇ ಚೆಲ್ಲಿಸಿ.

ಕಾರೆಕಾಯಿ ಜಜ್ಜಿ ಹಾಕುವವರು, ತೋಟೆ ಎಸೆಯುವವರು ಇನ್ನೂ ಇದ್ದಾರೆ. ದೇವರ ಮೀನೆಂದು ಭಕ್ತರು ಅಕ್ಕಿ ಹಾಕುವ ಶಿಶಿಲದ ಕಪಿಲಾ ನದಿಯಲ್ಲೇ 1996ರಲ್ಲಿ ವಿಷ ಬೆರೆಸಿ ಸಾವಿರಾರು ಮೀನು ಕೊಂದರು. ಹಳ್ಳದಲ್ಲಿ ಸತ್ತ ಮೀನು ಸಾಲಾಗಿ ತೇಲಿಬಂದರೆ ಆರಿಸಿ ಅಡಿಗೆ ಮಾಡಬೇಡಿ, ದನಗಳಿಗೆ ಆ ನೀರು ಕುಡಿಸಬೇಡಿ. ಕೆಳಗಿನ ಮನೆಗಳಿಗೆ ಮೊದಲು ಸುದ್ದಿ ಮುಟ್ಟಿಸಿ, ಪೊಲೀಸ್ ಠಾಣೆಗೂ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೂ ಅದೇ ದಿನ ತಿಳಿಸಿ; ಮಲೆನಾಡಿನ ಮಳೆಯಲ್ಲಿ ಮರುದಿನಕ್ಕೆ ಗುರುತೇ ಉಳಿದಿರುವುದಿಲ್ಲ.