ಸಲಹೆ ಹೇಳುವವರ ಉದ್ಯೋಗ

ಅಡಿಕೆಯ ಕೊನೆಕೊಯ್ಲು ಬಿರುಸಾಗಿರುವ ದಿನಗಳಲ್ಲಿ ಹುಂಚದ ನಮ್ಮ ಮನೆಯ ಅಂಗಳದಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಗಳ ಸದ್ದು ನಿಲ್ಲುವುದಿಲ್ಲ. ಕಳೆದ ವರ್ಷ ಆ ಸದ್ದಿನ ನಡುವೆಯೇ, ಬೆಂಗಳೂರಿನ ದೊಡ್ಡ ಕನ್ಸಲ್ಟಿಂಗ್ ಕಂಪನಿಯೊಂದರಲ್ಲಿ ಉದ್ಯೋಗಿಯಾಗಿರುವ ನನ್ನ ಅಣ್ಣನ ಮಗನು ಜಗಲಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಆ ವಾರ ಯಾವ ಕ್ಲೈಂಟಿನ ಕೆಲಸಕ್ಕೆ ಎಷ್ಟು ಗಂಟೆ ಸಂದಿತೆಂಬುದನ್ನು ಟೈಮ್‌ಶೀಟಿನಲ್ಲಿ ತುಂಬುತ್ತಿದ್ದನು. "ನಮ್ದು ಡಬ್ಬದ ಲೆಕ್ಕ, ನಿಂದು ಗಂಟೆ ಲೆಕ್ಕವಾ ತಮ್ಮಾ?" ಎಂದು ಅಡಿಕೆ ಸುಲಿಯುತ್ತಿದ್ದ ಹಿರಿಯಳೊಬ್ಬಳು ಕೇಳಿದಳು. "ಹೌದಕ್ಕಾ" ಎಂದವನು ತಲೆಯೆತ್ತಲಿಲ್ಲ.

ಬ್ಯಾಂಕಾಗಲಿ, ಕಾರ್ಖಾನೆಯಾಗಲಿ, ಸರ್ಕಾರವೇ ಆಗಲಿ, ತನ್ನ ತೊಡಕನ್ನು ತಾನೇ ಬಿಡಿಸಿಕೊಳ್ಳಲಾರದೆ ಹೊರಗಿನ ತಜ್ಞರನ್ನು ಕರೆಸಿ ಅವರ ಆಲೋಚನೆಗೆ ಬೆಲೆ ಕೊಡುವುದೇ ಕನ್ಸಲ್ಟಿಂಗ್ ವೃತ್ತಿಯ ಮೂಲ. 1908ರಲ್ಲಿ ಮೂಸಿ ನದಿಯ ಪ್ರವಾಹವು ಹೈದರಾಬಾದನ್ನು ಧ್ವಂಸಗೊಳಿಸಿದ ಬಳಿಕ ನಿಜಾಮ ಸರ್ಕಾರವು ವಿಶ್ವೇಶ್ವರಯ್ಯನವರನ್ನು ಸಲಹೆಗಾರ ಇಂಜಿನಿಯರರನ್ನಾಗಿ ಬರಮಾಡಿಕೊಂಡುದೂ ಇದೇ ಬಗೆಯದು. ಅವರು ಒಬ್ಬರೇ ಮಾಡಿದುದನ್ನು ಇಂದು ಮಹಾಸಂಸ್ಥೆಗಳು ಮಾಡುತ್ತವೆ. ಮೆಕಿನ್ಸಿ ಸಂಸ್ಥೆ ಷಿಕಾಗೋದಲ್ಲಿ ಆರಂಭವಾದುದು 1926ರಲ್ಲಿ. ಲೆಕ್ಕಪರಿಶೋಧನೆಯಿಂದ ಬೆಳೆದು ಬಂದ ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿಗಳೂ ಆಕ್ಸೆಂಚರ್ ಸಂಸ್ಥೆಯೂ ಬೆಂಗಳೂರಿನಲ್ಲಿ ದೊಡ್ಡ ಕಚೇರಿಗಳನ್ನು ಹೊಂದಿವೆ. ತೆರಿಗೆ, ಲೆಕ್ಕಪತ್ರ, ಸಾಫ್ಟ್‌ವೇರ್ ಎಲ್ಲವೂ ಇವುಗಳ ವ್ಯಾಪ್ತಿಗೆ ಬರುವುದರಿಂದ ಶಿವಮೊಗ್ಗದಲ್ಲಿ ಬಿ.ಕಾಂ. ಓದಿದವರಿಗೂ ಅಲ್ಲಿ ಎಡೆಯುಂಟು.

ಲಾಭವು ಸಣ್ಣದಲ್ಲ. ಐದು ವರ್ಷಗಳಲ್ಲಿ ನನ್ನ ಅಣ್ಣನ ಮಗನು ಸಿಮೆಂಟು, ವಿಮೆ, ಆಸ್ಪತ್ರೆ ಎಂಬ ಮೂರು ಬೇರೆ ಬೇರೆ ಲೋಕಗಳ ಒಳಹೊಕ್ಕು ಕಲಿತನು. ಕಾಲೇಜಿನಲ್ಲಿ ಇಂಗ್ಲಿಷ್ ಮಾತನಾಡಲು ಬೆವರುತ್ತಿದ್ದವನು ಹಿರಿಯ ಅಧಿಕಾರಿಗಳ ಎದುರು ನಿಂತು ತನ್ನ ತರ್ಕವನ್ನು ಮಂಡಿಸುವಂತಾದನು. ಮನೆಯ ಸಾಲ ತೀರಿತು. ಅನಲಿಸ್ಟ್ ಎಂದು ಸೇರಿದವನು ಮ್ಯಾನೇಜರನಾಗಿ, ಕೊನೆಗೆ ಸಂಸ್ಥೆಯಲ್ಲೇ ಪಾಲುಳ್ಳ ಪಾರ್ಟನರನಾಗಬಹುದು.

ಆದರೆ ಆ ಏಣಿಯಲ್ಲಿ ನಿಂತಲ್ಲೇ ನಿಲ್ಲುವಂತಿಲ್ಲ. ಮೇಲೇರದವನು ಹೊರನಡೆಯಬೇಕೆಂಬ ಪದ್ಧತಿ ಇಂತಹ ಹಲವು ಸಂಸ್ಥೆಗಳಲ್ಲಿ ಬೇರೂರಿದೆ. ಕ್ಲೈಂಟಿಗೆ ಬಿಲ್ ಮಾಡಿದ ಗಂಟೆಗಳೇ ನೌಕರನ ಯೋಗ್ಯತೆಯ ಅಳತೆಯಾದುದರಿಂದ ಪ್ರಾಜೆಕ್ಟ್ ಇಲ್ಲದೆ ‘ಬೆಂಚ್’ ಮೇಲೆ ಕುಳಿತವನಿಗೆ ಬಿಡುವೇ ಭಯವಾಗುತ್ತದೆ. ಅಮೆರಿಕದ ಹಗಲು ನಮ್ಮ ರಾತ್ರಿಯಾದುದರಿಂದ ನಡುರಾತ್ರಿಯವರೆಗೂ ಕಾಲ್‌ಗಳು ನಡೆಯುತ್ತವೆ. ನಮ್ಮೂರಿನ ಪದ್ಮಾವತಿ ಅಮ್ಮನವರ ರಥೋತ್ಸವಕ್ಕೆ ಇವನು ಬಾರದೆ ಎರಡು ವರ್ಷಗಳಾದವು.

ನಿದ್ದೆಗೆಟ್ಟುದು ಮಾತ್ರ ಅವನ ದೊಡ್ಡ ದುಃಖವಲ್ಲವೆಂದು ನಾನು ಬಲ್ಲೆ. ಒಮ್ಮೆ ಕಾರ್ಖಾನೆಯೊಂದರ ವೆಚ್ಚ ತಗ್ಗಿಸುವ ವರದಿಯಲ್ಲಿ, ಕೆಲಸ ಕಳೆದುಕೊಳ್ಳಬೇಕಾದವರನ್ನೆಲ್ಲ ಒಂದು ಸ್ಲೈಡಿನ ಮೂಲೆಯಲ್ಲಿ ಒಂದೇ ಸಂಖ್ಯೆಯಾಗಿ ಅವನೇ ಬರೆದನು. "ಚಿಕ್ಕಪ್ಪಾ, ಆ ಕ್ಯಾಂಟೀನಿನಲ್ಲಿ ಅವರ ಜೊತೆಗೇ ಊಟ ಮಾಡಿದ್ದೆ" ಎಂದಷ್ಟೇ ನನಗೆ ಹೇಳಿದನು. ವರದಿ ಒಪ್ಪಿಸಿದ ಮರುವಾರವೇ ತಂಡವನ್ನು ಬೇರೆ ಊರಿಗೆ ಕಳುಹಿಸಿದರು; ಆ ಸಲಹೆ ಜಾರಿಯಾಯಿತೋ ಇಲ್ಲವೋ ಅವನಿಗೆ ಇಂದಿಗೂ ತಿಳಿಯದು. ಸಲಹೆ ಕೊಟ್ಟವರು ಅದರ ಫಲಕ್ಕೆ ಕಾಯುವುದು ಹೊಸದೇನಲ್ಲ; ಮೂಸಿಯ ಪ್ರವಾಹವನ್ನು ತಡೆಯಲು ವಿಶ್ವೇಶ್ವರಯ್ಯನವರು ಸೂಚಿಸಿದ ಜಲಾಶಯಗಳಲ್ಲಿ ಮೊದಲನೆಯದಾದ ಉಸ್ಮಾನ್ ಸಾಗರವು 1920ರಲ್ಲಿ ಮುಗಿಯುವ ವೇಳೆಗೆ ಅವರ ಮೈಸೂರಿನ ದಿವಾನಗಿರಿಯೂ ಮುಗಿದಿತ್ತು. ಆದರೂ ಕಟ್ಟೆಯೆಂಬುದೊಂದು ಕಣ್ಣಿಗೆ ಕಾಣುವಂತೆ ಎದ್ದಿತು. ಇವನ ಐದು ವರ್ಷಗಳ ದುಡಿಮೆಯಲ್ಲಿ ಬೊಟ್ಟಿಟ್ಟು ತೋರಿಸಬಲ್ಲ ವಸ್ತು ಒಂದೂ ಇಲ್ಲ.

ಆ ರಾತ್ರಿ ಅಂಗಳದಲ್ಲಿ ಆ ಹಿರಿಯಳು ತನ್ನ ಡಬ್ಬವನ್ನು ರಾಶಿಗೆ ಸುರಿದು ಲೆಕ್ಕ ಬರೆಸಿದಳು. ಇವನು ಲ್ಯಾಪ್‌ಟಾಪ್ ಮುಚ್ಚಿ ಅಂಗಳಕ್ಕಿಳಿದು, ಒಂದು ಮೆಟ್ಟುಗತ್ತಿಯ ಮುಂದೆ ಕುಳಿತು, ಎಲ್ಲರೂ ಏಳುವವರೆಗೆ ಸುಲಿದನು. ಮರುದಿನ ಬೆಳಗ್ಗೆ ಹಂಡೆಯಲ್ಲಿ ಬೆಂದ ಅಡಿಕೆಯನ್ನು ಅಟ್ಟಕ್ಕೆ ಹೊತ್ತು ಹರವಿ, ಸಂಜೆ ರಿಪ್ಪನ್‌ಪೇಟೆಯಲ್ಲಿ ಬೆಂಗಳೂರಿನ ಬಸ್ಸು ಹತ್ತಿದನು.