ಮೊಹರು ಒಂದು, ಪಟ್ಟಿ ಹಲವು

ಅಂಕಪಟ್ಟಿಯ ನಕಲಿನ ಮೇಲೆ ಗೆಜೆಟೆಡ್ ಅಧಿಕಾರಿಯ ಸಹಿ, ಮೊಹರು ಬಿದ್ದರೆ ಕಚೇರಿಯ ಗುಮಾಸ್ತರು ಮರುಮಾತಿಲ್ಲದೆ ಒಪ್ಪುತ್ತಾರೆ. ಅವರಿಗೆ ವಿದ್ಯಾರ್ಥಿಯ ಪರಿಚಯವಿಲ್ಲ, ಪರಿಚಯವಿರುವುದು ಮೊಹರಿನದು. ಅಂತರಜಾಲದ ವ್ಯವಹಾರವೂ ಹೀಗೆಯೇ. ಬ್ಯಾಂಕಿನ ತಾಣ ತನ್ನ ಗುರುತಿಗಾಗಿ ಒಂದು ಪ್ರಮಾಣಪತ್ರವನ್ನು ಮುಂದೊಡ್ಡುತ್ತದೆ. ಅದಕ್ಕೆ ಸಹಿ ಹಾಕಿದ ಪ್ರಾಧಿಕಾರದ ಹೆಸರು ತನ್ನಲ್ಲಿರುವ ಪಟ್ಟಿಯಲ್ಲಿದೆಯೇ ಎಂದು ಬ್ರೌಸರ್ ಪರಿಶೀಲಿಸುತ್ತದೆ. ಇಲ್ಲವಾದರೆ ಪರದೆಯ ತುಂಬ ಎಚ್ಚರಿಕೆ!

ಕಾಲೇಜು, ಕಾರ್ಖಾನೆಗಳು ತಮ್ಮ ಒಳಜಾಲಕ್ಕಾಗಿ ತಾವೇ ಒಂದು ಪ್ರಾಧಿಕಾರವನ್ನು ಸ್ಥಾಪಿಸಿಕೊಳ್ಳುವುದುಂಟು. ಹೊರಗಿನ ಯಾವ ಪಟ್ಟಿಯಲ್ಲಿಯೂ ಅದರ ಹೆಸರಿರುವುದಿಲ್ಲ. ಆದ್ದರಿಂದ ಪ್ರತಿಯೊಂದು ಕಂಪ್ಯೂಟರಿಗೂ ಅದನ್ನು ಪರಿಚಯಿಸಬೇಕಾಗುತ್ತದೆ.

ಲಿನಕ್ಸ್‌ನಲ್ಲಿ ಈ ಕೆಲಸ ಸುಲಭ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಪ್ರಾಧಿಕಾರದ ಪ್ರಮಾಣಪತ್ರಕ್ಕೆ 'ಸಿಆರ್‌ಟಿ' ಎಂಬ ಬಾಲ ಹಚ್ಚಿ, 'ಯುಎಸ್ಆರ್-ಲೋಕಲ್-ಶೇರ್' ಒಳಗಿನ 'ಸಿಎ-ಸರ್ಟಿಫಿಕೇಟ್ಸ್' ಕೋಶದಲ್ಲಿಡಬೇಕು. ಬಳಿಕ ರೂಟ್ ಅಧಿಕಾರದಿಂದ 'ಅಪ್‌ಡೇಟ್-ಸಿಎ-ಸರ್ಟಿಫಿಕೇಟ್ಸ್' ಎಂಬ ಆದೇಶ ಕೊಟ್ಟರಾಯಿತು. ಕರ್ಲ್, ವಿಗೆಟ್ ಮುಂತಾದ ತಂತ್ರಾಂಶಗಳು ಹೊಸ ಮೊಹರನ್ನು ಒಪ್ಪುತ್ತವೆ.

ಆದರೆ ಬ್ರೌಸರ್ ತೆರೆದರೆ ಮತ್ತೆ ಅದೇ ಎಚ್ಚರಿಕೆ! ಕಾರಣವಿಷ್ಟೆ: ಇಲ್ಲಿ ಫೈರ್‌ಫಾಕ್ಸ್ ನೋಡುವುದು ಮೊಜಿಲ್ಲಾ ಸಂಸ್ಥೆ ಸಿದ್ಧಪಡಿಸಿದ ತನ್ನದೇ ಪಟ್ಟಿಯನ್ನು. ಎಲ್ಲ ಬಳಕೆದಾರರಿಗೂ ಅನ್ವಯಿಸಬೇಕಾದರೆ 'ಪಾಲಿಸೀಸ್' ಎಂಬ ನಿಯಮ ಕಡತದಲ್ಲಿ ಪ್ರಮಾಣಪತ್ರವನ್ನು ಹೆಸರಿಸಬೇಕು. ಕ್ರೋಮ್‌ನದು ಇನ್ನೊಂದು ಪಟ್ಟಿ. ಜೊತೆಗೆ ಅದು ಆಯಾ ಬಳಕೆದಾರರ ಖಾತೆಯಲ್ಲಿರುವ 'ಎನ್ಎಸ್ಎಸ್' ಕಣಜವನ್ನು ನೋಡುತ್ತದೆ. 'ಸರ್ಟ್‌ಯುಟಿಲ್' ಎಂಬ ಸಾಧನದಿಂದ ಅದಕ್ಕೆ ಸೇರಿಸಬೇಕು.

ಒಂದೇ ಯಂತ್ರದಲ್ಲಿ ಇಷ್ಟೊಂದು ಪಟ್ಟಿಗಳೇಕೆ ಎಂದು ಬೇಸರವಾಗುವುದು ಸಹಜ. ಆದರೆ 2014ರಲ್ಲಿ ನಮ್ಮ ದೇಶದಲ್ಲೇ ನಡೆದ ಘಟನೆಯೊಂದನ್ನು ನೆನೆಯಬೇಕು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಾಧಿಕಾರದಿಂದ ಗೂಗಲ್ ತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದದ್ದು ಆ ವರ್ಷದ ಜುಲೈನಲ್ಲಿ ಪತ್ತೆಯಾಯಿತು. ಇಂಥ ಪತ್ರ ಕೈಗೆ ಸಿಕ್ಕವನು ನಡುವೆ ನಿಂತು, ಗೂಗಲ್‌ನಂತೆ ನಟಿಸಿ ಜನರ ಪತ್ರಗಳನ್ನು ಓದಬಲ್ಲ. ಭಾರತದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಮೂಲ ಮೊಹರು ವಿಂಡೋಸ್ ಪಟ್ಟಿಯಲ್ಲಿದ್ದುದರಿಂದ ಅಲ್ಲಿ ಅಪಾಯವಿತ್ತು. ಫೈರ್‌ಫಾಕ್ಸ್‌ನ ಪ್ರತ್ಯೇಕ ಪಟ್ಟಿಯಲ್ಲಿ ಅದು ಇರಲಿಲ್ಲ. ಹಾಗಾಗಿ ಅದರ ಬಳಕೆದಾರರು ಪಾರಾದರು. ನಿಯಂತ್ರಕರು ಕೂಡಲೇ ಆ ಕೇಂದ್ರದ ಪ್ರಾಧಿಕಾರಪತ್ರಗಳನ್ನು ರದ್ದುಪಡಿಸಿದರು.

ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟ. ಸಾಮಾನ್ಯವಾಗಿ, ಪಟ್ಟಿಗೆ ಸೇರಿದ ಪ್ರಾಧಿಕಾರ ನಿಮ್ಮ ಕಾಲೇಜಿನ ತಾಣಕ್ಕಷ್ಟೇ ಅಲ್ಲ, ನಿಮ್ಮ ಬ್ಯಾಂಕಿನ ಹೆಸರಿಗೂ ಮೊಹರು ಒತ್ತಬಲ್ಲದು! ಆದ್ದರಿಂದ ಪ್ರಮಾಣಪತ್ರ ಸೇರಿಸುವ ಮುನ್ನ ಅದರ 'ಬೆರಳಚ್ಚು' ಎನ್ನಲಾಗುವ ಅಂಕಿ-ಅಕ್ಷರಗಳ ಸಾಲನ್ನು ಕೊಟ್ಟವರಿಗೆ ದೂರವಾಣಿ ಮಾಡಿ ತಾಳೆ ನೋಡಿರಿ. ಕೆಲಸ ಮುಗಿದ ಮೇಲೆ ತೆಗೆದುಹಾಕಲು ಮರೆಯದಿರಿ. ಆದೇಶ ಕೊಡಲು ಅರೆಕ್ಷಣ ಸಾಕು. ನಂಬಿಕೆ ಇಡುವ ಮೊದಲು ಐದು ನಿಮಿಷ ಯೋಚಿಸಿದರೆ ನಷ್ಟವೇನೂ ಇಲ್ಲ.